ಕೋಟೆಯ ಅಚ್ಚುಚಿತ್ರವನ್ನು ಕೈವಾರ ಹಿಡಿದು ಓದುವ ಬಗೆ

17ನೆಯ ಶತಮಾನದ ಯುರೋಪಿನಲ್ಲಿ ತಾಮ್ರದ ಫಲಕದಿಂದ ಅಚ್ಚಾದ ಕೋಟೆಯ ಚಿತ್ರಗಳು ಸಾವಿರಗಟ್ಟಲೆ ಉಳಿದಿವೆ. ನಕ್ಷತ್ರದಂತೆ ಮೂಲೆ ಚಾಚಿದ ಗೋಡೆಗಳು, ಸುತ್ತ ಕಂದಕ, ಮುಂದೆ ಕುದುರೆ ಸವಾರರು, ಮೇಲೆ ಹಾರುವ ಪಟ್ಟಿಯಲ್ಲಿ ಲ್ಯಾಟಿನ್ ಬರಹ. ನೋಡಿದವರು ಕುಸುರಿಗೆ ತಲೆದೂಗಿ ಮುಂದಿನ ಚಿತ್ರಕ್ಕೆ ಹೋಗಿಬಿಡುತ್ತಾರೆ. ಆದರೆ ಆ ನಕ್ಷತ್ರದ ಗೆರೆಗಳನ್ನು ಯಾರೂ ಅಂದಕ್ಕೆಂದು ಎಳೆದದ್ದಲ್ಲ. ಬಹುಪಾಲು ಗೆರೆಗಳು ಗುಂಡು ಹಾರುವ ದಾರಿಗಳು. ಅದೇ ಹಾಳೆಯ ಮೇಲೆ ಇನ್ನೊಂದು ಕೆಲಸವೂ ನಡೆದಿರುತ್ತದೆ. ಹಣ ಕೊಟ್ಟ ರಾಜನನ್ನೋ ಸೇನಾಪತಿಯನ್ನೋ ಹೊಗಳುವ ಕೆಲಸ ಅದು. ಅಳತೆ ಎಲ್ಲಿ ಮುಗಿದು ಹೊಗಳಿಕೆ ಎಲ್ಲಿ ಶುರುವಾಗುತ್ತದೆ ಎಂದು ಬರಿಗಣ್ಣಿಗೆ ತಿಳಿಯುವುದಿಲ್ಲ. ಕೈವಾರ, ಅಡಿಪಟ್ಟಿ ಹಿಡಿದು ಕೂತರೆ ತಿಳಿಯುತ್ತದೆ.

ಹೈಸ್ಕೂಲಿನ ರೇಖಾಗಣಿತ ಸಾಕು. ಬೇಕಾದ ಸಾಮಾನು: ಎ4 ಹಾಳೆ, ಗಟ್ಟಿ ತಿರುಪಿನ ಕೈವಾರ, ಅಡಿಪಟ್ಟಿ, ಕೋನಮಾಪಕ, ಚೂಪು ಪೆನ್ಸಿಲ್. ಒಂದು ಬಿಡುವಿನ ಮಧ್ಯಾಹ್ನ.

ಮೊದಲು ಚಿತ್ರಗಳನ್ನು ಇಳಿಸಿಕೊಳ್ಳಿ

ಆಮ್‌ಸ್ಟರ್‌ಡ್ಯಾಮಿನ ರೈಕ್ಸ್‌ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಮ್ಯೂಸಿಯಂ, ಫ್ರಾನ್ಸಿನ ರಾಷ್ಟ್ರೀಯ ಗ್ರಂಥಾಲಯದ ಗ್ಯಾಲಿಕಾ, ಈ ಮೂರೂ ತಾಣಗಳಲ್ಲಿ ದೊಡ್ಡ ಗಾತ್ರದ ಪ್ರತಿಗಳು ಪುಕ್ಕಟೆ ಸಿಗುತ್ತವೆ. ಹುಡುಕಲು ಮೂರು ಹೆಸರು ಸಾಕು. ಜಾಕ್ ಕಾಲೊ ಎಂಬ ಅಚ್ಚುಗಾರನ ಬ್ರೆಡಾ ಮುತ್ತಿಗೆ, 1628. ಅಲೆಂ ಮಾನೆಸೊಂ ಮಾಲೆ ಎಂಬ ಎಂಜಿನಿಯರನ ಯುದ್ಧಕಲೆಯ ಪುಸ್ತಕದ ಫಲಕಗಳು, 1671ರಿಂದೀಚೆಗೆ. ಇನ್ನೊಬ್ಬ ಅಚ್ಚುಗಾರ ಸ್ತೆಫಾನೊ ದೆಲ್ಲಾ ಬೆಲ್ಲಾನ ಅರಾಸ್ ಮುತ್ತಿಗೆ. ಆ ಮುತ್ತಿಗೆ ನಡೆದದ್ದು 1640ರಲ್ಲಿ. ಫೋನಿನ ಪರದೆಯಲ್ಲಿ ನೋಡಿದರೆ ಏನೂ ದಕ್ಕುವುದಿಲ್ಲ. ಬೇಕಾದ ಭಾಗವನ್ನು ದೊಡ್ಡದು ಮಾಡಿ ಕಾಗದದ ಮೇಲೆ ಅಚ್ಚು ತೆಗೆಸಿಕೊಳ್ಳಿ, ಅದರ ಮೇಲೆ ಪೆನ್ಸಿಲ್ ಓಡಿಸಬೇಕಾಗುತ್ತದೆ.

ಆದರೆ ಅದನ್ನು ಸದ್ಯಕ್ಕೆ ಮಗುಚಿಡಿ. ಒಂದು ಕೋಟೆಯನ್ನು ನೀವೇ ಬರೆಯದೆ ಇನ್ನೊಬ್ಬರು ಬರೆದದ್ದನ್ನು ಓದಲು ಹೋಗಬೇಡಿ.

ನಿಮ್ಮದೇ ಒಂದು ಕೋಟೆ ಬರೆಯಿರಿ

ದುಂಡು ಬುರುಜು ಯಾಕೆ ಹೋಯಿತು ಎಂಬುದರಿಂದ ಆರಂಭಿಸಬೇಕು. ಹಳೆಯ ಕೋಟೆಯ ಎರಡು ದುಂಡು ಬುರುಜುಗಳ ನಡುವೆ ಮೂರನೆಯದೊಂದನ್ನು ಬರೆಯಿರಿ. ಅಕ್ಕಪಕ್ಕದ ಬುರುಜುಗಳಿಂದ ನಡುವಿನದನ್ನು ಸವರಿಕೊಂಡು ಹೋಗುವಂತೆ ಒಂದೊಂದು ಸ್ಪರ್ಶರೇಖೆ ಎಳೆಯಿರಿ. ಎರಡೂ ರೇಖೆಗಳು ನಡುಬುರುಜಿನ ಮುಂದೆ ಕೂಡುತ್ತವೆ, ಅಲ್ಲೊಂದು ಸಣ್ಣ ತ್ರಿಕೋನ ಉಳಿಯುತ್ತದೆ. ಆ ತ್ರಿಕೋನದೊಳಗೆ ನಿಂತ ಶತ್ರುವಿಗೆ ಎರಡೂ ಪಕ್ಕದಿಂದ ಗುಂಡು ತಾಗುವುದಿಲ್ಲ. ಅವನು ಆರಾಮವಾಗಿ ಬುಡಕ್ಕೆ ಸುರಂಗ ತೋಡಬಹುದು. ಇಟಲಿಯ ಕೋಟೆಗಾರರು ಮಾಡಿದ್ದು ಇಷ್ಟೆ, ಆ ತ್ರಿಕೋನವನ್ನೇ ಇಟ್ಟಿಗೆ ಮಣ್ಣಿನಿಂದ ತುಂಬಿಬಿಟ್ಟರು. ಚೂಪು ಮೂತಿಯ ಕೊತ್ತಲ ಹುಟ್ಟಿದ್ದು ಹಾಗೆ. 1494ರಲ್ಲಿ ಫ್ರೆಂಚ್ ರಾಜ ಎಂಟನೆಯ ಚಾರ್ಲ್ಸ್ ಹೊಸ ಫಿರಂಗಿಗಳೊಡನೆ ಇಟಲಿಗೆ ನುಗ್ಗಿದ ಮೇಲೆ ಈ ಕೆಲಸಕ್ಕೆ ಅವಸರ ಬಂತು. ಎತ್ತರದ ತೆಳು ಗೋಡೆ ಫಿರಂಗಿಗೆ ತಾಳಲಿಲ್ಲ, ಗಿಡ್ಡಗಿನ ದಪ್ಪ ಗೋಡೆ ಬಂತು. ಗಿಡ್ಡ ಗೋಡೆಯ ರಕ್ಷಣೆ ಪೂರ್ತಿ ಕೋನಗಳ ಮೇಲೆ ನಿಂತಿತು.

ಈಗ ಫ್ರಾನ್ಸಿನ ಸೆಬಾಸ್ತಿಯಂ ವೋಬಾನ್ ಹೆಸರಿನಲ್ಲಿ ನಡೆದುಬಂದ ಮೊದಲ ಪದ್ಧತಿಯಂತೆ ಆರು ಮೂಲೆಯ ಕೋಟೆ ಬರೆಯೋಣ. ವೋಬಾನ್ 1633ರಲ್ಲಿ ಹುಟ್ಟಿ 1707ರಲ್ಲಿ ತೀರಿಕೊಂಡವನು, ಹದಿನಾಲ್ಕನೆಯ ಲೂಯಿಯ ಕೋಟೆಗಾರ. ಅವನ ಪದ್ಧತಿಯನ್ನು ಸೂತ್ರಗಳಾಗಿ ಕಟ್ಟಿದವರು ಅವನಿಗಿಂತ ಹೆಚ್ಚಾಗಿ ಅವನ ಕೆಲಸವನ್ನು ಪಾಠವಾಗಿ ಹೇಳಿಕೊಟ್ಟವರು. ಅದೇನೇ ಇರಲಿ, ಬರೆಯಲು ಇದರಷ್ಟು ಸಲೀಸಾದದ್ದು ಇನ್ನೊಂದಿಲ್ಲ.

1. ಹಾಳೆಯನ್ನು ಉದ್ದಕ್ಕೆ ಇಟ್ಟು ನಡುವೆ 9 ಸೆಂ.ಮೀ. ತ್ರಿಜ್ಯದ ವೃತ್ತ ಎಳೆಯಿರಿ. ಅದೇ ತ್ರಿಜ್ಯದಲ್ಲಿ ಪರಿಧಿಯನ್ನು ಆರು ಕಡೆ ಕತ್ತರಿಸಿ. ಮೊದಲ ಬಿಂದು ನೇರ ಮೇಲೆ, ನಾಲ್ಕನೆಯದು ನೇರ ಕೆಳಗೆ ಬರಲಿ, ಇಲ್ಲದಿದ್ದರೆ ಕಂದಕಕ್ಕೆ ಹಾಳೆಯಲ್ಲಿ ಜಾಗ ಸಾಲುವುದಿಲ್ಲ. ಬಿಂದುಗಳನ್ನು ಸೇರಿಸಿದರೆ ಷಡ್ಭುಜ. ಇದರ ಒಂದು ಭುಜ ನಿಜದಲ್ಲಿ 180 ತ್ವಾಜ್. ತ್ವಾಜ್ ಅಂದರೆ ಆರು ಫ್ರೆಂಚ್ ಅಡಿ, ಸುಮಾರು 1.95 ಮೀಟರ್. ಅಲ್ಲಿಗೆ ಭುಜ ಸುಮಾರು 351 ಮೀಟರ್, ನಿಮ್ಮ ಹಾಳೆಯ 1 ಸೆಂ.ಮೀ. 20 ತ್ವಾಜ್. ಷಡ್ಭುಜದ ಮೂಲೆಗಳೇ ಕೊತ್ತಲದ ತುದಿಗಳಾಗಲಿವೆ, ಕೋಟೆ ಪೂರ್ತಿ ಇದರ ಒಳಗೆ ಕೂರುತ್ತದೆ.

2. ಒಂದು ಭುಜ ತೆಗೆದುಕೊಳ್ಳಿ, ತುದಿಗಳಿಗೆ ಅ, ಬ ಎಂದು ಹೆಸರಿಡಿ. ನಡುಬಿಂದುವಿನಿಂದ ಒಳಮುಖವಾಗಿ ಲಂಬ ಎಳೆದು, ಭುಜದ ಆರನೆಯ ಒಂದು ಭಾಗ, ಅಂದರೆ 1.5 ಸೆಂ.ಮೀ. ದೂರದಲ್ಲಿ ಕ ಎಂಬ ಬಿಂದು ಗುರುತು ಮಾಡಿ.

3. ಅ-ದಿಂದ ಕ-ದ ಮೂಲಕ, ಬ-ದಿಂದ ಕ-ದ ಮೂಲಕ ಎರಡು ರೇಖೆ ಎಳೆದು ಕ ದಾಟಿಸಿ ಉದ್ದಕ್ಕೆ ಬಿಡಿ. ಇವು ರಕ್ಷಣಾರೇಖೆಗಳು.

4. ಅ-ದಿಂದ ಆ ರೇಖೆಯ ಮೇಲೆ 2.5 ಸೆಂ.ಮೀ. ಅಳೆದು ಚ ಗುರುತಿಸಿ. ಬ-ದ ಕಡೆಯಿಂದ ಅಷ್ಟೇ ಅಳೆದು ಜ ಗುರುತಿಸಿ. ಇವು ಕೊತ್ತಲದ ಮುಖಗಳು. ಚ, ಜ ಎರಡೂ ಕೊತ್ತಲದ ಹೆಗಲುಗಳು. ಸೂತ್ರ ಹೇಳುವುದು ಭುಜದ ಏಳರಲ್ಲಿ ಎರಡು ಭಾಗ, ಅದು 50 ತ್ವಾಜಿಗಿಂತ ಚೂರು ಹೆಚ್ಚು. ಕೈಬಳಕೆಯಲ್ಲಿ 50 ನಡೆಯುತ್ತದೆ.

5. ಕೈವಾರದ ಮುಳ್ಳನ್ನು ಚ-ದಲ್ಲಿ ಊರಿ ಜ-ದವರೆಗೆ ಅಗಲಿಸಿ. ಅಲ್ಲಿಂದ ಒಳಕ್ಕೆ ಒಂದು ಕಂಸ ಎಳೆಯಿರಿ. ಅದು ಅ-ದಿಂದ ಬಂದ ರಕ್ಷಣಾರೇಖೆಯನ್ನು ಕಡಿಯುವ ಜಾಗ ಟ. ಜ ಮತ್ತು ಟ ಸೇರಿಸಿ. ಇದು ಕೊತ್ತಲದ ಪಕ್ಕೆ. ಮುಳ್ಳನ್ನು ಜ-ದಲ್ಲಿ ಊರಿ ಇನ್ನೊಂದು ಕಡೆಗೂ ಹಾಗೇ ಮಾಡಿದರೆ ಡ ಸಿಗುತ್ತದೆ. ಡ, ಟ ಸೇರಿಸಿದರೆ ಎರಡು ಕೊತ್ತಲಗಳ ನಡುವಿನ ಗೋಡೆ.

ಅಳೆದು ನೋಡಿ. ಗೋಡೆ ಸುಮಾರು 3.8 ಸೆಂ.ಮೀ., ಪಕ್ಕೆ ಸುಮಾರು 1.4 ಸೆಂ.ಮೀ. ಬರಬೇಕು. ಎರಡು ಮೂರು ಮಿ.ಮೀ. ಆಚೀಚೆ ಆದರೆ ಪೆನ್ಸಿಲ್ ಮೊಂಡಾಗಿದೆ. ಅದಕ್ಕಿಂತ ಹೆಚ್ಚಾದರೆ ಐದನೆಯ ಹೆಜ್ಜೆಯಲ್ಲಿ ಕಂಸ ತಪ್ಪು ರೇಖೆಯನ್ನು ಕಡಿದಿದೆ. ಉಳಿದ ಐದು ಭುಜಗಳಿಗೂ ಇದನ್ನೇ ಮಾಡಿ, ಕೊನೆಯ ಗೋಡೆಗಳ ಮೇಲೆ ಮಸಿಯೋಡಿಸಿ, ಉಳಿದದ್ದನ್ನು ಅಳಿಸಬೇಡಿ.

ಅಳಿಸಬೇಡಿ ಅಂದದ್ದಕ್ಕೆ ಕಾರಣವಿದೆ. ಅ-ದಿಂದ ಟ-ದವರೆಗಿನ ರಕ್ಷಣಾರೇಖೆಯನ್ನು ಅಳೆಯಿರಿ: ಸುಮಾರು 6.75 ಸೆಂ.ಮೀ., ಅಂದರೆ 135 ತ್ವಾಜ್, ಸುಮಾರು 263 ಮೀಟರ್. ಟ-ದಲ್ಲಿ ನಿಂತ ಬಂದೂಕುಧಾರಿ ಎದುರಿನ ಕೊತ್ತಲದ ಮುಖವನ್ನು ಉದ್ದಕ್ಕೂ ಸವರುವಂತೆ ಗುಂಡು ಹಾರಿಸಿದರೆ ಅದು ತುದಿ ಅ-ವರೆಗೆ ಹೋಗಿ ಮುಟ್ಟಬೇಕು. ಅಂದಿನ ಮಸ್ಕೆಟ್ ಬಂದೂಕಿನ ಹೊಡೆತಕ್ಕೆ ಈ ದೂರವೇ ಹೆಚ್ಚುಕಡಿಮೆ ಮಿತಿ ಎಂದು ಎಂಜಿನಿಯರರು ಹಿಡಿದಿದ್ದರು. ಕೋಟೆಯ ಗಾತ್ರವನ್ನು ನಿಶ್ಚಯಿಸುತ್ತಿದ್ದದ್ದು ಊರಿನ ಜನಸಂಖ್ಯೆಯಲ್ಲ, ರಾಜನ ಆಸೆಯಲ್ಲ, ಒಂದು ಬಂದೂಕಿನ ಹೊಡೆತದ ದೂರ. ಊರು ದೊಡ್ಡದಿದ್ದರೆ ಭುಜಗಳನ್ನು ಉದ್ದ ಮಾಡುವಂತಿಲ್ಲ, ಇನ್ನಷ್ಟು ಭುಜ ಸೇರಿಸಬೇಕು. ಐದು ಮೂಲೆ, ಏಳು ಮೂಲೆ, ಒಂಬತ್ತು ಮೂಲೆಯ ಕೋಟೆಗಳು ಬಂದದ್ದು ಹೀಗೆ. ವೆನಿಸ್ ಗಣರಾಜ್ಯ 1593ರಲ್ಲಿ ಕಟ್ಟಲಾರಂಭಿಸಿದ ಪಾಲ್ಮನೋವಕ್ಕೆ ಒಂಬತ್ತು ಕೊತ್ತಲ.

ಪಕ್ಕೆಗೂ ರಕ್ಷಣಾರೇಖೆಗೂ ನಡುವಿನ ಕೋನವನ್ನೂ ಅಳೆಯಿರಿ. ಸುಮಾರು 81 ಡಿಗ್ರಿ. ಹೆಚ್ಚುಕಡಿಮೆ ಲಂಬ, ಹಾಗಾಗಿ ಪಕ್ಕೆಯಲ್ಲಿಟ್ಟ ಫಿರಂಗಿ ಸೊಟ್ಟಗೆ ತಿರುಗಬೇಕಿಲ್ಲ, ನೆಟ್ಟಗೆ ನಿಂತೇ ಎದುರು ಮುಖವನ್ನು ಕಾಯುತ್ತದೆ. ಐದನೆಯ ಹೆಜ್ಜೆಯ ಆ ವಿಚಿತ್ರ ಕಂಸದ ಗುಟ್ಟು ಇದು.

ಆರನೆಯ ಒಂದು ಭಾಗವೇ ಯಾಕೆ?

ಇದನ್ನು ಬಿಟ್ಟು ಮುಂದೆ ಹೋದರೆ ಸೂತ್ರ ಬರೀ ಮಂತ್ರವಾಗುತ್ತದೆ. ನಿಮ್ಮ ಕೊತ್ತಲದ ಚೂಪು ತುದಿಯನ್ನು ಕೋನಮಾಪಕದಲ್ಲಿ ನೋಡಿ: ಸುಮಾರು 83 ಡಿಗ್ರಿ. ಷಡ್ಭುಜದ ಒಳಕೋನ 120, ಎರಡೂ ಬದಿಯಿಂದ ಹದಿನೆಂಟೂವರೆಯಷ್ಟು ಕಳೆದಾಗ ಉಳಿಯುವುದು ಅಷ್ಟು. ಈಗ ಅದೇ ಆರನೆಯ ಒಂದು ಭಾಗವನ್ನು ಚೌಕದ ಮೇಲೆ ಪ್ರಯೋಗಿಸಿ. ಒಳಕೋನ 90, ಅದರಲ್ಲಿ 37 ಹೋದರೆ 53 ಡಿಗ್ರಿ. ಅಷ್ಟು ಚೂಪಾದ ತುದಿ ಫಿರಂಗಿಯ ಎರಡು ಏಟಿಗೆ ಉದುರುತ್ತದೆ, ಒಳಗೆ ಆಳು ನಿಲ್ಲಲೂ ಜಾಗವಿಲ್ಲ. 60 ಡಿಗ್ರಿಗಿಂತ ಕಿರಿದಾದ ತುದಿ ಕೂಡದು ಎಂಬುದು ಆ ಕಾಲದ ಕೋಟೆಗಾರರ ಸಾಮಾನ್ಯ ನಿಯಮ. ಅದಕ್ಕೇ ಚೌಕಕ್ಕೆ ಲಂಬ ಎಂಟನೆಯ ಒಂದು ಭಾಗ, ಆಗ ತುದಿ ಸುಮಾರು 62 ಡಿಗ್ರಿಗೆ ನಿಲ್ಲುತ್ತದೆ. ಪಂಚಭುಜಕ್ಕೆ ಏಳನೆಯ ಒಂದು ಭಾಗ, ತುದಿ 76. ಆರು ಮತ್ತು ಅದಕ್ಕೂ ಮೇಲೆ ಆರನೆಯ ಒಂದು ಭಾಗವೇ.

ಹಳೆಯ ಅಚ್ಚುಚಿತ್ರದಲ್ಲಿ ನಾಲ್ಕು ಮೂಲೆಯ ಕೋಟೆ ಕಂಡು ಅದರ ಕೊತ್ತಲಗಳು ಸೂಜಿಯಂತೆ ಚೂಪಾಗಿದ್ದರೆ ಸಂಶಯಪಡಿ. ಕೆತ್ತಿದವನಿಗೆ ಗಣಿತ ಗೊತ್ತಿರಲಿಲ್ಲ, ಅಥವಾ ಚಿತ್ರ ಓರೆನೋಟದ್ದು.

ಕಂದಕದ ಕೆಲಸ ಚಿಕ್ಕದು. ಪ್ರತಿ ಕೊತ್ತಲದ ತುದಿಯನ್ನು ಕೇಂದ್ರವಾಗಿಟ್ಟು 1 ಸೆಂ.ಮೀ. ತ್ರಿಜ್ಯದ ಕಂಸ ಹೊರಗೆ ಎಳೆಯಿರಿ, ಎದುರು ಕೊತ್ತಲದ ಹೆಗಲಿನಿಂದ ಆ ಕಂಸಕ್ಕೆ ಸ್ಪರ್ಶರೇಖೆ. ಹೆಗಲಿನ ಕಡೆಗೇ ಯಾಕೆಂದರೆ ಪಕ್ಕೆಯ ಫಿರಂಗಿಗೆ ಕಂದಕದ ತಳ ಕೊನೆಯವರೆಗೂ ಕಾಣಬೇಕು. ಗೋಡೆಯ ಎದುರು ಕಂದಕದಲ್ಲಿ ಉಳಿಯುವ ಮೂಲೆಯಲ್ಲಿ ಬಿಡಿ ತ್ರಿಕೋನದ ಹೊರಕೋಟೆ ಕೂರುತ್ತದೆ, ಅದಕ್ಕೆ ರ‍್ಯಾವಲಿನ್ ಎನ್ನುತ್ತಾರೆ. ಕಂದಕದಾಚೆ ಸುಮಾರು 5 ತ್ವಾಜ್ ಅಗಲದ ಮರೆದಾರಿ, ಅದರಾಚೆ ಬಯಲಿಗೆ ಇಳಿಯುವ ಬೋಳು ಇಳಿಜಾರು. ಅಚ್ಚುಚಿತ್ರದಲ್ಲಿ ಈ ಇಳಿಜಾರನ್ನು ಹೊರಕ್ಕೆ ಹೋಗುತ್ತ ತೆಳುವಾಗುವ ಗೀಟುಗಳಿಂದ ತೋರಿಸುತ್ತಾರೆ. ನಕ್ಷತ್ರಕ್ಕೆ ಕಿರಣ ಮೂಡಿದಂತೆ ಕಾಣುವುದು ಅದೇ.

ಈಗ ಅಚ್ಚುಚಿತ್ರ ಹೊರತೆಗೆಯಿರಿ

ಮೊದಲ ಪ್ರಶ್ನೆ, ನೋಡುವವನು ಎಲ್ಲಿ ನಿಂತಿದ್ದಾನೆ? ಇದಕ್ಕೊಂದು ಸುಲಭ ಉಪಾಯವಿದೆ. ಸಮಭುಜದ ಕೋಟೆಯ ಕೊತ್ತಲ ತುದಿಗಳೆಲ್ಲ ಒಂದು ವೃತ್ತದ ಮೇಲಿರುತ್ತವೆ, ನಿಮ್ಮ ಹಾಳೆಯಲ್ಲೇ ಅದು ಇದೆ. ಚಿತ್ರದಲ್ಲಿ ಆ ತುದಿಗಳನ್ನು ಪೆನ್ಸಿಲಿನಿಂದ ಸೇರಿಸಿ. ಸರಿಯಾದ ವೃತ್ತ ಬಂದರೆ ಅದು ನೆತ್ತಿಯ ಮೇಲಿನಿಂದ ಕಂಡ ನಕ್ಷೆ. ಚಪ್ಪಟೆ ದೀರ್ಘವೃತ್ತ ಬಂದರೆ ಅದರ ಎತ್ತರವನ್ನು ಅಗಲದಿಂದ ಭಾಗಿಸಿ. ಅರ್ಧ ಬಂದರೆ ನೋಟ ನೆಲದಿಂದ ಸುಮಾರು 30 ಡಿಗ್ರಿ ಮೇಲಿನದು. ಮುಕ್ಕಾಲು ಬಂದರೆ 49 ಡಿಗ್ರಿಯ ಹತ್ತಿರ. ನೋಡುವವನು ಬಹಳ ದೂರದಲ್ಲಿದ್ದಾನೆ ಎಂದಿಟ್ಟುಕೊಂಡ ಲೆಕ್ಕ ಇದು, ಅಂದಾಜಿಗೆ ಸಾಕು. ಬಯಲುಸೀಮೆಯ ನೆದರ್‌ಲ್ಯಾಂಡ್ಸಿನಲ್ಲಿ 30 ಡಿಗ್ರಿ ಮೇಲಿನಿಂದ ಕೋಟೆ ಕಾಣುವಂಥ ಗುಡ್ಡ ಇಲ್ಲವೇ ಇಲ್ಲ. ಹಾಗಾಗಿ ಅಲ್ಲಿನ ಇಂಥ ನೋಟಗಳನ್ನು ಯಾರೂ ಕಣ್ಣಿಂದ ಕಂಡದ್ದಲ್ಲ, ನೆಲನಕ್ಷೆಯಿಂದ ಗಣಿತ ಮಾಡಿ ಎಬ್ಬಿಸಿದ್ದು.

ಮೂರನೆಯ ಬಗೆಯೊಂದಿದೆ, ಮೊದಲ ನೋಟಕ್ಕೆ ಇದು ತಪ್ಪೆಂದೇ ಅನ್ನಿಸುತ್ತದೆ. ತುದಿಗಳು ಸರಿಯಾದ ವೃತ್ತದ ಮೇಲಿವೆ, ಆದರೆ ಗೋಡೆ, ಮನೆ, ಗೋಪುರಗಳು ನೆಟ್ಟಗೆ ಎದ್ದು ನಿಂತಿವೆ. ಇದು ಸೇನಾ ನೋಟ. ನೆಲನಕ್ಷೆಯನ್ನು ಒಂಚೂರೂ ಕೆಡಿಸದೆ ಎತ್ತರವನ್ನು ಅದೇ ಅಳತೆಯಲ್ಲಿ ಮೇಲಕ್ಕೆ ಎಳೆಯುವುದು. ಚಿತ್ರಕಾರನಿಗೆ ದೂರದ್ದು ಚಿಕ್ಕದಾಗಿ ಕಾಣಬೇಕು, ಸೈನಿಕನಿಗೆ ಹಾಗೆ ಚಿಕ್ಕದಾದರೆ ಅಳತೆ ಕೆಟ್ಟಿತು. 1564ರಲ್ಲಿ ವೆನಿಸ್‌ನಲ್ಲಿ ಅಚ್ಚಾದ ಮಾಜಿ ಮತ್ತು ಕಾಸ್ತ್ರಿಯೊತ್ತೊ ಅವರ ಕೋಟೆಶಾಸ್ತ್ರದ ಪುಸ್ತಕ ಈ ವಾದವನ್ನು ನೇರವಾಗಿಯೇ ಮುಂದಿಟ್ಟಿತ್ತು. ಇಂಥ ಚಿತ್ರದ ಮೇಲೆ ನೀವು ಯಾವ ದಿಕ್ಕಿನಲ್ಲಿ ಅಡಿಪಟ್ಟಿ ಇಟ್ಟು ನೆಲ ಅಳೆದರೂ ಸರಿಯಾದ ಉತ್ತರ ಸಿಗುತ್ತದೆ. ದೂರದ್ದನ್ನು ಚಿಕ್ಕದಾಗಿ ತೋರಿಸುವ ಪರ್ಸ್ಪೆಕ್ಟಿವ್ ನೋಟದಲ್ಲಾದರೆ ಚಿತ್ರದ ಅಗಲಕ್ಕೆ ಸಮಾನಾಂತರವಾದ ಗೆರೆಯ ಮೇಲೆ ಮಾತ್ರ ಅಳತೆ ನಂಬಬಹುದು, ಅದೂ ಆಳ ಬದಲಾದಂತೆ ಬೇರೆಬೇರೆ.

ಗಣಿತಕ್ಕೂ ಚಿತ್ರಕಾರನ ಕಣ್ಣಿಗೂ ನಡುವಿನ ಜಗಳ ದೊಡ್ಡ ಜಗಳ. ಪ್ಯಾರಿಸ್ಸಿನ ಅಚ್ಚುಗಾರ ಅಬ್ರಹಾಂ ಬಾಸ್, ಗಣಿತಜ್ಞ ಜಿರಾರ್ ದೆಸಾರ್ಗ್‌ನ ಕಟ್ಟಾ ಅನುಯಾಯಿ. ದೆಸಾರ್ಗ್‌ನ ಪರ್ಸ್ಪೆಕ್ಟಿವ್ ಪದ್ಧತಿಯನ್ನು 1648ರಲ್ಲಿ ತನ್ನ ಫಲಕಗಳೊಡನೆ ಬಾಸ್ ಪ್ರಕಟಿಸಿದ. ಅದರಲ್ಲೊಂದು ಫಲಕವನ್ನು ತಪ್ಪದೆ ನೋಡಿ. ಮೂವರು ಗೃಹಸ್ಥರು ಬಯಲಲ್ಲಿ ನಿಂತಿದ್ದಾರೆ, ಪ್ರತಿಯೊಬ್ಬನ ಕಣ್ಣಿನಿಂದಲೂ ನಾಲ್ಕು ದಾರ ಹೊರಟು ನೆಲದ ಮೇಲಿನ ಒಂದು ಚೌಕದ ನಾಲ್ಕು ಮೂಲೆಗೆ ಕಟ್ಟಿವೆ. ನೋಟವನ್ನು ದಾರವಾಗಿ ಬರೆದ ಈ ಚಿತ್ರವನ್ನೂ ನೀವು ಎಳೆದ ರಕ್ಷಣಾರೇಖೆಯನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕಣ್ಣಿನ ಜಾಗದಲ್ಲಿ ಬಂದೂಕು ಇಟ್ಟರೆ ಆಯಿತು. ಹೊಸ ಕಲಾ ಅಕಾಡೆಮಿಯಲ್ಲಿ ಬಾಸ್ ಪರ್ಸ್ಪೆಕ್ಟಿವ್ ಪಾಠ ಹೇಳುತ್ತಿದ್ದ. ಗಣಿತ ಬಿಟ್ಟರೆ ಚಿತ್ರವಿಲ್ಲ ಎಂಬ ಅವನ ಹಟ ಅಲ್ಲಿನ ವರ್ಣಚಿತ್ರಕಾರರಿಗೆ ಸೇರಲಿಲ್ಲ. 1661ರಲ್ಲಿ ಅವನನ್ನು ಹೊರಹಾಕಿದರು.

ಅಳತೆಪಟ್ಟಿ, ಸಹಿ, ತಿರುಗುಮುರುಗು

ಚಿತ್ರದ ಮೂಲೆಯಲ್ಲಿ ಅಳತೆಪಟ್ಟಿ ಇದೆಯೇ ನೋಡಿ, ಇದ್ದರೆ ಯಾವ ಮಾನದ್ದು ಎಂದು ಓದಿ. ಫ್ರೆಂಚರದ್ದು ತ್ವಾಜ್, ಡಚ್ಚರದ್ದಾದರೆ ಹೆಚ್ಚಾಗಿ ರೈನ್‌ಲ್ಯಾಂಡ್ ಕೋಲು, ಅದು ಸುಮಾರು 3.77 ಮೀಟರ್. ಕೈವಾರದಲ್ಲಿ ಎರಡು ಕೊತ್ತಲ ತುದಿಗಳ ಅಂತರ ಹಿಡಿದು ಪಟ್ಟಿಯ ಮೇಲೆ ನಡೆಸಿ. 350 ಮೀಟರಿನ ಆಸುಪಾಸು ಅಥವಾ ಅದಕ್ಕಿಂತ ಕಡಿಮೆ ಬಂದರೆ ಸರಿ. 600 ಬಂದರೆ ಆ ಕೋಟೆ ಕಾಗದದಲ್ಲಿ ಮಾತ್ರ ಇತ್ತು, ಇಲ್ಲವೇ ಪಟ್ಟಿಯೇ ಅಲಂಕಾರಕ್ಕೆ ಕೂತಿದೆ. ಗೋಡೆಯನ್ನು ಅಡ್ಡ ಸೀಳಿ ತೋರಿಸಿದ ಚಿತ್ರಕ್ಕೆ ಬೇರೆಯೇ, ಹೆಚ್ಚಾಗಿ ದೊಡ್ಡ, ಅಳತೆ ಇರುತ್ತದೆ. ಎರಡನ್ನೂ ಒಂದೇ ಪಟ್ಟಿಯಿಂದ ಅಳೆಯಬೇಡಿ.

ಕೆಳ ಅಂಚಿನ ಪುಟ್ಟ ಲ್ಯಾಟಿನ್ ಪದಗಳು ಯಾರ ಮಾತು ಎಷ್ಟು ನಂಬಬೇಕೆಂದು ಹೇಳುತ್ತವೆ. ಹೆಸರಿನ ಮುಂದೆ ‘ಡೆಲಿನಿಯಾವಿಟ್’ ಇದ್ದರೆ ಅವನು ಚಿತ್ರ ಬರೆದವನು, ‘ಸ್ಕಲ್ಪ್‌ಸಿಟ್’ ಇದ್ದರೆ ಫಲಕ ಕೆತ್ತಿದವನು, ‘ಎಕ್ಸ್‌ಕೂಡಿಟ್’ ಇದ್ದರೆ ಪ್ರಕಟಿಸಿದವನು. ಬರೆದವನೇ ಎಂಜಿನಿಯರನಾಗಿದ್ದರೆ ನಕ್ಷೆಗೆ ತೂಕ ಹೆಚ್ಚು. ಪ್ರಕಾಶಕನ ಹೆಸರೊಂದೇ ಇದ್ದರೆ ಇನ್ನಾರದೋ ಫಲಕದ ನಕಲಿರಬಹುದು.

ನಕಲು ಮಾಡಿದ್ದನ್ನು ಹಿಡಿಯಲು ಇನ್ನೊಂದು ದಾರಿ ಇದೆ. ತಾಮ್ರದ ಮೇಲೆ ಬರೆದದ್ದು ಕಾಗದದ ಮೇಲೆ ಎಡಬಲ ತಿರುಗಿ ಬೀಳುತ್ತದೆ. ಒಳ್ಳೆಯ ಅಚ್ಚುಗಾರ ಮೊದಲೇ ತಿರುಗಿಸಿ ಕೆತ್ತುತ್ತಾನೆ. ಅವಸರದ ನಕಲುಗಾರ ಕಂಡಂತೆ ಕೆತ್ತಿಬಿಡುತ್ತಾನೆ, ಕತ್ತಿಗಳೆಲ್ಲ ಎಡಗೈಗೆ ಬರುತ್ತವೆ, ನದಿ ಊರಿನ ತಪ್ಪು ಬದಿಯಲ್ಲಿ ಹರಿಯುತ್ತದೆ. ಇಂದಿನ ಉಪಗ್ರಹ ನಕ್ಷೆಯೊಡನೆ ನದಿಯ ತಿರುವನ್ನು ಹೋಲಿಸಿ ನೋಡಿ, ಒಂದು ನಿಮಿಷದ ಕೆಲಸ.

ಬಣ್ಣ ಬಳಿದ ಪ್ರತಿ ಸಿಕ್ಕರೆ ಮೋಸಹೋಗಬೇಡಿ. ಫ್ರೆಂಚ್ ಎಂಜಿನಿಯರರ ಕೈನಕ್ಷೆಗಳಲ್ಲಿ ಕೆಂಪು ಅಂದರೆ ಕಟ್ಟಿ ಮುಗಿದ ಗಾರೆಗೋಡೆ, ಹಳದಿ ಅಂದರೆ ಇನ್ನೂ ಕಟ್ಟಬೇಕಾದದ್ದು. ಅಂಗಡಿಯಲ್ಲಿ ಬಣ್ಣ ಹಾಕಿದ ಅಚ್ಚುಚಿತ್ರಕ್ಕೆ ಆ ನಿಯಮ ಅನ್ವಯಿಸಬೇಕೆಂದೇನಿಲ್ಲ.

ಗೆರೆಯನ್ನು ಭೂತಗನ್ನಡಿಯಲ್ಲಿ ನೋಡಿ

ಉಳಿಯಿಂದ ನೇರವಾಗಿ ತಾಮ್ರ ಕೊರೆದ ಗೆರೆ ನಡುವೆ ದಪ್ಪ, ತುದಿಯಲ್ಲಿ ಸೂಜಿಮೊನೆ. ಆಮ್ಲದಿಂದ ಕಚ್ಚಿಸಿದ ಗೆರೆ ಉದ್ದಕ್ಕೂ ಒಂದೇ ದಪ್ಪ, ತುದಿ ಮೊಂಡು. ಆಮ್ಲದ ಪದ್ಧತಿಯಲ್ಲಿ ಫಲಕಕ್ಕೆ ಮೇಣವನ್ನೋ ವಾರ್ನಿಷನ್ನೋ ಬಳಿದು, ಸೂಜಿಯಿಂದ ಅದನ್ನಷ್ಟೇ ಕೆರೆದು ಬರೆಯುತ್ತಾರೆ. ಕೆರೆದ ಕಡೆ ಮಾತ್ರ ಆಮ್ಲ ತಾಮ್ರ ತಿನ್ನುತ್ತದೆ. ಕೈ ಹಗುರ ಓಡುವುದರಿಂದ ಕುದುರೆ, ಮರ, ಹೊಗೆಗೆ ಇದೇ ಸರಿ. ಕಾಲೊ ಇದರಲ್ಲಿ ಎರಡು ಬದಲಾವಣೆ ತಂದ. ಮೆತ್ತನೆಯ ಮೇಣದ ಬದಲು ವೀಣೆಯಂಥ ವಾದ್ಯ ಮಾಡುವವರು ಬಳಸುತ್ತಿದ್ದ ಗಟ್ಟಿ ವಾರ್ನಿಷ್ ಹಿಡಿದ, ಸೂಜಿಯ ಬದಲು ಓರೆಯಾಗಿ ಮಸೆದ ಎಶೊಪ್ ಎಂಬ ಸಲಾಕಿ. ಅದನ್ನು ಬೆರಳಲ್ಲಿ ಹೊರಳಿಸಿದರೆ ಆಮ್ಲದ ಗೆರೆಯೂ ಉಳಿಯ ಗೆರೆಯಂತೆ ಉಬ್ಬಿ ಇಳಿಯುತ್ತದೆ. ಈ ವಿಧಾನವನ್ನು ಹಂತಹಂತವಾಗಿ ಬರೆದಿಟ್ಟವನು ಮತ್ತೆ ಅದೇ ಬಾಸ್, 1645ರಲ್ಲಿ.

ದೂರ ತೋರಿಸಲು ಗಣಿತವೊಂದೇ ಸಾಲದು. ಮೊದಲು ಫಲಕವನ್ನು ಸ್ವಲ್ಪ ಹೊತ್ತು ಆಮ್ಲಕ್ಕೆ ಕೊಟ್ಟು, ದಿಗಂತದ ಕಡೆಯ ಗೆರೆಗಳ ಮೇಲೆ ಮರೆ ಹಚ್ಚಿ ಮುಚ್ಚಿ, ಉಳಿದದ್ದನ್ನು ಮತ್ತೆ ಕಚ್ಚಿಸುತ್ತಾರೆ. ಮುಂದಿನದು ಕಪ್ಪಗೆ, ಹಿಂದಿನದು ಬೂದಿಯಂತೆ ತೆಳ್ಳಗೆ. ಚಿತ್ರದಲ್ಲಿ ಗೆರೆಯ ಕಪ್ಪು ಎಲ್ಲಿ ತಟ್ಟನೆ ಬದಲಾಗುತ್ತದೆ ಎಂದು ಹುಡುಕಿ, ಅಚ್ಚುಗಾರ ಎಷ್ಟು ಸಲ ಆಮ್ಲಕ್ಕೆ ಇಳಿಸಿದ ಎಂದು ಎಣಿಸಬಹುದು.

ಬ್ರೆಡಾ: ಆರು ಫಲಕ, ಒಂದು ಮುತ್ತಿಗೆ

ಇಷ್ಟಾದ ಮೇಲೆ ಕಾಲೊನ ಬ್ರೆಡಾ ಹಾಳೆಗಳನ್ನು ಹರಡಿ. ಅವಸರ ಬೇಡ, ಇದು ಈ ಬಗೆಯ ದೊಡ್ಡ ಚಿತ್ರಗಳಲ್ಲೊಂದು. ಆರು ಫಲಕ ಸೇರಿಸಿದರೆ ಹೆಚ್ಚುಕಡಿಮೆ 120 ಸೆಂ.ಮೀ. ಎತ್ತರ, 140 ಅಗಲ. 1624ರ ಆಗಸ್ಟಿನಿಂದ 1625ರ ಜೂನ್‌ವರೆಗೆ ಸ್ಪೇನಿನ ಸೇನಾಪತಿ ಅಂಬ್ರೋಜಿಯೊ ಸ್ಪಿನೋಲ ಡಚ್ಚರ ಬ್ರೆಡಾವನ್ನು ಸುತ್ತುಗಟ್ಟಿ ಕೂತ. ಲಗ್ಗೆ ಹತ್ತಿ ಗೆದ್ದದ್ದಲ್ಲ, ಹಸಿವಿನಿಂದ ಗೆದ್ದದ್ದು. ಕೋಟೆಯ ಆಡಳಿತಾಧಿಕಾರಿ ಯುಸ್ತಿನ್ ನಸ್ಸೌ ಕೀಲಿಕೈ ಒಪ್ಪಿಸಿದ. ಸ್ಪ್ಯಾನಿಷ್ ನೆದರ್‌ಲ್ಯಾಂಡ್ಸಿನ ಆಡಳಿತಗಾರ್ತಿ ಇಸಬೆಲ್ಲಾ ಈ ಗೆಲುವನ್ನು ಅಚ್ಚಿನಲ್ಲಿ ಹಿಡಿಯಲು ಲೊರೇನ್ ಎಂಬ ನಾಡಿನ ನಾನ್ಸಿ ಊರಿನ ಕಾಲೊಗೆ ಹೇಳಿಕಳಿಸಿದಳು.

ಚಿತ್ರದ ಕೆಳಭಾಗದಿಂದ ಆರಂಭಿಸಿ. ಅಲ್ಲಿ ಆಳುಗಳು, ಕುದುರೆ, ಗಾಡಿ ಎಲ್ಲ ದೊಡ್ಡದು. ನೋಟ ಗುಡ್ಡದ ಮೇಲೆ ನಿಂತವನದು. ಮೇಲೆ ಹೋದಂತೆ ನೆಲ ಎದ್ದು ನಿಲ್ಲುತ್ತದೆ, ನಡುವಿನ ಬ್ರೆಡಾ ಪಟ್ಟಣ ಹೆಚ್ಚುಕಡಿಮೆ ನಕ್ಷೆಯೇ ಆಗಿಬಿಡುತ್ತದೆ. ಮೇಲೆ ಹೇಳಿದ ದೀರ್ಘವೃತ್ತದ ಉಪಾಯವನ್ನು ಬೇರೆಬೇರೆ ಎತ್ತರದಲ್ಲಿರುವ ಚಿಕ್ಕ ದಿಬ್ಬಕೋಟೆಗಳ ಮೇಲೆ ಪ್ರಯೋಗಿಸಿ, ನೋಡುವವನ ಜಾಗ ಬದಲಾಗುತ್ತ ಹೋಗುತ್ತದೆ. ಒಂದೇ ಕಣ್ಣಿನ ನೋಟ ಇದಲ್ಲ. ಎಂಜಿನಿಯರನ ನಕ್ಷೆಯನ್ನು ನಡುವೆ ಇಟ್ಟು, ಅದಕ್ಕೆ ಚಿತ್ರಕಾರ ಮುಂಭಾಗ ಹೊಲಿದಿದ್ದಾನೆ. ಹೊಲಿಗೆ ಎಲ್ಲಿ ಎಂದು ಹುಡುಕುವುದೇ ಇಲ್ಲಿನ ಮಜ.

ಎರಡನೆಯದಾಗಿ, ಪಟ್ಟಣದ ಕೊತ್ತಲಗಳನ್ನು ಬಿಟ್ಟು ಹೊರಗಿನ ಎರಡು ಸುತ್ತುಗಳನ್ನು ಹಿಂಬಾಲಿಸಿ. ಒಂದು ಸುತ್ತು ಊರಿಗೆ ಮುಖಮಾಡಿದೆ, ಒಳಗಿನವರು ಹೊರಬರದಂತೆ. ಇನ್ನೊಂದು ಹೊರಕ್ಕೆ ಮುಖಮಾಡಿದೆ, ನೆರವಿಗೆ ಬರುವ ಸೈನ್ಯ ಒಳನುಗ್ಗದಂತೆ. ಮುತ್ತಿದವರೂ ಕೋಟೆ ಕಟ್ಟಿಕೊಂಡೇ ಕೂತಿದ್ದಾರೆ, ನಕ್ಷತ್ರದ ಮೂಲೆಗಳು ಅಲ್ಲಿಯೂ ಇವೆ. ಹಸಿವಿನ ಮುತ್ತಿಗೆಯಲ್ಲಿ ಈ ಸುತ್ತೇ ಆಯುಧ.

ಮೂರನೆಯದು ಕಾಲ. ತಿಂಗಳುಗಟ್ಟಲೆ ನಡೆದದ್ದು ಒಂದೇ ಬಯಲಲ್ಲಿ ಒಟ್ಟಿಗೆ ನಡೆಯುತ್ತಿದೆ. ಜಾಗದ ಮಟ್ಟಿಗೆ ಈ ಹಾಳೆ ಗಣಿತವನ್ನು ಒಂದು ಹಂತದವರೆಗೆ ಪಾಲಿಸುತ್ತದೆ, ಕಾಲದ ಮಟ್ಟಿಗೆ ಯಾವ ನಿಯಮವನ್ನೂ ಪಾಲಿಸುವುದಿಲ್ಲ. ಊರೊಳಗಿನ ಹಸಿವು ಎಲ್ಲೂ ಕಾಣುವುದಿಲ್ಲ ಎಂಬುದನ್ನೂ ಗಮನಿಸಿ. ಅಷ್ಟು ಎತ್ತರದಿಂದ ಮನೆಯ ಸೂರು ಕಾಣುತ್ತದೆ, ಒಲೆ ಕಾಣುವುದಿಲ್ಲ. ಹಣ ಕೊಟ್ಟವರಿಗೆ ಆ ಎತ್ತರ ಅನುಕೂಲ.

ಅದೇ ಕಾಲೊ 1633ರಲ್ಲಿ ಯುದ್ಧದ ಸಂಕಟಗಳ 18 ಪುಟ್ಟ ಫಲಕ ಪ್ರಕಟಿಸಿದ. ಅಲ್ಲಿ ನೋಟ ಕೆಳಗಿಳಿದಿದೆ. ಲೂಟಿ, ಮರದ ತುಂಬ ನೇತಾಡುವ ಹೆಣಗಳು, ಭಿಕ್ಷೆಗೆ ನಿಂತ ಕೈಕಾಲು ಹೋದ ಸೈನಿಕರು. ಬ್ರೆಡಾ ಹಾಳೆಯನ್ನೂ ಈ ಫಲಕಗಳನ್ನೂ ಒಟ್ಟಿಗೆ ನೋಡದವರು ಕಾಲೊನನ್ನು ಅರ್ಧವೇ ನೋಡಿದವರು ಎಂದು ನನ್ನ ಅಭಿಪ್ರಾಯ. ಅದೇ ವರ್ಷ ಹದಿಮೂರನೆಯ ಲೂಯಿ ನಾನ್ಸಿಯನ್ನು ಹಿಡಿದಾಗ, ಆ ಮುತ್ತಿಗೆಯನ್ನೂ ಅಚ್ಚು ಹಾಕೆಂದು ಕೇಳಿದ್ದಕ್ಕೆ ತನ್ನ ಊರಿನ ಸೋಲನ್ನು ಬರೆಯಲಾರೆ ಎಂದು ಕಾಲೊ ಒಪ್ಪಲಿಲ್ಲವಂತೆ. ಅದು ಕೇಳಿಬಂದ ಕಥೆ. ಲಾ ರೊಶೆಲ್ ಮುತ್ತಿಗೆಯನ್ನು ಅದೇ ಲೂಯಿಗಾಗಿ ಅವನು ಅಚ್ಚು ಹಾಕಿದ್ದಂತೂ ನಿಜ.

ಒಂದು ಅಡ್ಡಮಾತು: 1618ರಲ್ಲಿ ಡಚ್ ಸೈನ್ಯ ಸೇರಿ ಇದೇ ಬ್ರೆಡಾದಲ್ಲಿದ್ದ ಫ್ರೆಂಚ್ ತರುಣನೊಬ್ಬ ಐಸಾಕ್ ಬೀಕ್‌ಮನ್ ಎಂಬ ವಿದ್ವಾಂಸನನ್ನು ಭೇಟಿಯಾಗಿ ಗಣಿತದ ಕಡೆ ಹೊರಳಿದ. ಅವನು ರೆನೆ ಡೆಕಾರ್ಟ್.

ಮುಂದೆ ಯಾವುದರ ಮೇಲೆ ಕೈ ಪಳಗಿಸಬೇಕು

ಬ್ರೆಡಾ ಭಾರ ಅನ್ನಿಸಿದರೆ ಮಾಲೆಯ ಫಲಕಗಳಿಗೆ ಬನ್ನಿ. ಹಾಳೆಯ ಮೇಲರ್ಧದಲ್ಲಿ ಅಕ್ಷರ ಗುರುತಿನ ರೇಖಾಕೃತಿ, ಕೆಳಗೆ ಒಂದು ಊರಿನ ನೋಟವೋ ಸೈನಿಕರ ಗುಂಪೋ. ಎರಡಕ್ಕೂ ಎಷ್ಟೋ ಸಲ ಸಂಬಂಧವೇ ಇರುವುದಿಲ್ಲ. ಕೋಟೆಶಾಸ್ತ್ರ ಆಗ ಸಿರಿವಂತರ ಮಕ್ಕಳ ಪಾಠವಾಗಿತ್ತು, ಜೆಸ್ಯೂಟ್ ಪಾದ್ರಿಗಳ ಶಾಲೆಗಳಲ್ಲಿ ಗಣಿತದ ಜೊತೆಗೇ ಕಲಿಸುತ್ತಿದ್ದರು. ಬರೀ ತ್ರಿಕೋನಗಳ ಪುಸ್ತಕ ಯಾರು ಕೊಳ್ಳುತ್ತಾರೆ? ಮೇಲಿನ ರೇಖಾಕೃತಿಯನ್ನು ಕೆಳಗಿನ ಚಿತ್ರ ನೋಡದೆ ಎ4 ಹಾಳೆಯಲ್ಲಿ ಮತ್ತೆ ಕಟ್ಟಿ. ಯಾವ ಬಿಂದು ಮೊದಲು, ಯಾವ ಕಂಸ ಆಮೇಲೆ ಎಂಬ ಕ್ರಮ ನಿಮಗೇ ಹೊಳೆಯುತ್ತದೆ.

ನಮ್ಮ ಕಡೆಯದೇ ಬೇಕೆಂದರೆ ಎರಡಿವೆ. ಎರಡೂ ಅಚ್ಚುಚಿತ್ರಗಳಲ್ಲ, ಅಭ್ಯಾಸಕ್ಕೆ ಮಾತ್ರ. 1635ರಲ್ಲಿ ಅಂತೋನಿಯೊ ಬೊಕಾರೊ ಸಿದ್ಧಪಡಿಸಿದ ಪೋರ್ಚುಗೀಸ್ ಹಸ್ತಪ್ರತಿಯಲ್ಲಿ ಹೊನ್ನಾವರ, ಬಸ್ರೂರು, ಮಂಗಳೂರು ಕೋಟೆಗಳ ಬಣ್ಣದ ಚಿತ್ರಗಳಿವೆ. ಅಲ್ಲಿ ಕೈವಾರಕ್ಕಿಂತ ಕಣ್ಣಳತೆಯೇ ಹೆಚ್ಚು, ಮನೆಯೊಂದು ದಿಕ್ಕಿಗೆ, ಗೋಡೆಯೊಂದು ದಿಕ್ಕಿಗೆ. ಬ್ರೆಡಾದ ಪಕ್ಕ ಇಟ್ಟರೆ ಅಳೆದು ಬರೆದದ್ದಕ್ಕೂ ಗುರುತಿಗೆ ಬರೆದದ್ದಕ್ಕೂ ವ್ಯತ್ಯಾಸ ತಿಳಿಯುತ್ತದೆ.

ಇನ್ನೊಂದು ಸಕಲೇಶಪುರದ ಹತ್ತಿರದ ಮಂಜರಾಬಾದ್. ಟಿಪ್ಪು ಸುಲ್ತಾನ್ ಕಟ್ಟಿಸಿದ, 1792ರ ಹೊತ್ತಿನ ಎಂಟು ಮೂಲೆಯ ಕೋಟೆ, ನಾವು ನೋಡಿದ ಅಚ್ಚುಚಿತ್ರಗಳ ಕಾಲ ದಾಟಿದ ಮೇಲಿನದು. ಉಪಗ್ರಹ ನೋಟವನ್ನು ಅಚ್ಚು ತೆಗೆದು ಎಂಟು ತುದಿಗಳ ಮೂಲಕ ವೃತ್ತ ಹಾಯಿಸಿ. ಭುಜದ ಉದ್ದ ಅಳೆದು ವೋಬಾನನ 351 ಮೀಟರಿನ ಪಕ್ಕ ಇಡಿ. ತುದಿಯ ಕೋನ ಎಷ್ಟು, ಪಕ್ಕೆ ಇದೆಯೇ, ಒಂದು ಮೂಲೆಯಲ್ಲಿ ನಿಂತವನಿಗೆ ಪಕ್ಕದ ಮೂಲೆಯ ಮುಖ ಪೂರ್ತಿ ಕಾಣುತ್ತದೆಯೇ ಎಂದು ಗೆರೆ ಎಳೆದು ನೋಡಿ. ಮಳೆಗಾಲ ಕಳೆದ ಮೇಲೆ ಆ ಹಾಳೆ ಹಿಡಿದು ಮೆಟ್ಟಿಲು ಹತ್ತಿ, ಎಳೆದ ಗೆರೆಗಳ ತುದಿಗೆ ನಿಂತು ಕಣ್ಣಳತೆ ಹಾಕಿ.